ಊರ ದೇವರಿಗೆ ಯಾವ ಧರ್ಮ?

ಇಂಗ್ಲಿಷಿನ ‘ಪೇಗನ್’ ಎಂಬ ಪದಕ್ಕೆ ಕನ್ನಡದಲ್ಲಿ ಸರಿಸಾಟಿಯಾದ ಪದ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಅದರ ಬೇರು ನಮಗೆ ತೀರ ಪರಿಚಿತ. ಲ್ಯಾಟಿನ್ನಿನಲ್ಲಿ ‘ಪಾಗುಸ್’ ಎಂದರೆ ಹಳ್ಳಿಗಾಡಿನ ಒಂದು ಸೀಮೆ. ‘ಪಾಗಾನುಸ್’ ಎಂದರೆ ಆ ಸೀಮೆಯವನು, ಹಳ್ಳಿಯವನು. ನಾಲ್ಕನೇ ಶತಮಾನದ ಹೊತ್ತಿಗೆ ರೋಮ್ ಸಾಮ್ರಾಜ್ಯದ ಕ್ರೈಸ್ತರು, ಇನ್ನೂ ಹಳೆಯ ದೇವರುಗಳನ್ನೇ ಪೂಜಿಸುತ್ತಿದ್ದವರನ್ನೆಲ್ಲ ಈ ಪದದಿಂದ ಕರೆಯತೊಡಗಿದರು. ನಮ್ಮ ‘ಗ್ರಾಮ್ಯ’ ಎಂಬ ಪದದಲ್ಲಿ ಊರೂ ಇದೆ, ಒರಟುತನದ ಆರೋಪವೂ ಇದೆಯಲ್ಲ, ಹಾಗೆಯೇ ಇದು.

ಗಮನಿಸಬೇಕಾದ ಸಂಗತಿಯೆಂದರೆ ಆ ಹಳೆಯ ದೇವರುಗಳ ಒಕ್ಕಲಾಗಿದ್ದ ಯಾರೂ ತಮ್ಮನ್ನು ಪೇಗನ್ ಎಂದುಕೊಂಡಿರಲಿಲ್ಲ. ಅವರಿಗೆ ಬೇಸಾಯದ ದೇವರಿತ್ತು, ಒಲೆಯ ದೇವರಿತ್ತು, ಹೊಸ್ತಿಲಿನ ದೇವರಿತ್ತು. ಇವನ್ನೆಲ್ಲ ಒಟ್ಟು ಸೇರಿಸಿ ಹೇಳುವ ಒಂದು ಹೆಸರು ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಹೆಸರು ಕೊಟ್ಟವರು ಹೊರಗಿನವರು. ಕನ್ನಡ ಬೈಬಲ್ಲಿನಲ್ಲಿ ಬರುವ ‘ಅನ್ಯಜನರು’ ಎಂಬ ಮಾತೂ ಇದೇ ಜಾತಿಯದು. ತನ್ನನ್ನು ತಾನೇ ‘ಅನ್ಯ’ ಎಂದು ಯಾರು ಕರೆದುಕೊಂಡಾರು?

ಹೀಗೆ ಬೈಗುಳವಾಗಿ ಹುಟ್ಟಿದ ಪದವನ್ನು ಇಪ್ಪತ್ತನೇ ಶತಮಾನದಲ್ಲಿ ಯುರೋಪು, ಅಮೆರಿಕದ ಸಾವಿರಾರು ಜನ ಹೆಮ್ಮೆಯಿಂದ ಎತ್ತಿಕೊಂಡು ತಮ್ಮ ಧರ್ಮದ ಹೆಸರಾಗಿಸಿಕೊಂಡರು. ಅದೇ ಶತಮಾನದಲ್ಲಿ ನಮ್ಮ ಊರದೇವತೆಗಳ ಒಕ್ಕಲಿಗೂ ಹೆಸರುಗಳು ಬಂದವು, ಅವರು ಕೇಳದೆಯೇ. ಧಾರ್ಮಿಕ ಗುರುತು ಎಂಬುದು ಹೇಗೆ ಹುಟ್ಟುತ್ತದೆ, ಹುಟ್ಟಿದಾಗ ಏನು ಸಿಗುತ್ತದೆ, ಏನು ಕಳೆಯುತ್ತದೆ ಎಂದು ತಿಳಿಯಲು ಈ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಇಂಗ್ಲೆಂಡಿನದು. ಇನ್ನೊಂದಕ್ಕೆ ದೂರ ಹೋಗಬೇಕಿಲ್ಲ, ಬನ್ನೇರುಘಟ್ಟ ರಸ್ತೆಯ ಹುಳಿಮಾವಿನವರೆಗೆ ಹೋದರೆ ಸಾಕು.

*

ಮೊದಲು ಇಂಗ್ಲೆಂಡ್. 1921ರಲ್ಲಿ ಮಾರ್ಗರೆಟ್ ಮರ್ರೆ ಎಂಬ ವಿದ್ವಾಂಸೆ ಪಶ್ಚಿಮ ಯುರೋಪಿನ ಮಾಟಗಾತಿಯರ ಕುರಿತು ಒಂದು ಪುಸ್ತಕ ಬರೆದರು. ಮಾಟದ ಆರೋಪ ಹೊತ್ತು ಸತ್ತ ಆ ಹೆಂಗಸರು ನಿಜಕ್ಕೂ ಕ್ರೈಸ್ತಪೂರ್ವ ಕಾಲದ ಪುರಾತನ ಧರ್ಮವೊಂದನ್ನು ಗುಟ್ಟಾಗಿ ಉಳಿಸಿಕೊಂಡು ಬಂದವರು ಎಂಬುದು ಅವರ ವಾದ. ಇದನ್ನು ನಂಬಿದವರಲ್ಲಿ ಜೆರಾಲ್ಡ್ ಗಾರ್ಡ್ನರ್ ಒಬ್ಬರು. ಸಿಲೋನ್ ಮತ್ತು ಮಲಯದಲ್ಲಿ ತೋಟ, ಸುಂಕದ ಇಲಾಖೆ ಎಂದು ಕೆಲಸ ಮಾಡಿ ನಿವೃತ್ತರಾಗಿ ಊರಿಗೆ ಮರಳಿದ್ದವರು. 1951ರಲ್ಲಿ ಬ್ರಿಟನ್ನಿನ ಹಳೆಯ ಮಾಟದ ಕಾಯ್ದೆ ರದ್ದಾಯಿತು. 1954ರಲ್ಲಿ ಗಾರ್ಡ್ನರ್, ಆ ಹಳೆಯ ಧರ್ಮ ಇನ್ನೂ ಜೀವಂತವಾಗಿದೆ, ನಾನೇ ಅದರಲ್ಲಿ ದೀಕ್ಷೆ ಪಡೆದಿದ್ದೇನೆ ಎಂದು ಪುಸ್ತಕದಲ್ಲಿ ಸಾರಿದರು. ‘ವಿಕ್ಕಾ’ ಎಂದು ಇವತ್ತು ಕರೆಯುವ ಧರ್ಮ ಲೋಕದ ಕಣ್ಣಿಗೆ ಬಿದ್ದದ್ದು ಹೀಗೆ.

ಆದರೆ ಇತಿಹಾಸಕಾರರು ಮರ್ರೆಯ ವಾದವನ್ನು ಉಳಿಯಗೊಡಲಿಲ್ಲ. ಅಂಥ ಅಖಂಡ ಗುಪ್ತಧರ್ಮವೊಂದು ಇದ್ದುದಕ್ಕೆ ಆಧಾರವಿಲ್ಲ ಎಂದು ತೋರಿಸಿದರು. ರೊನಾಲ್ಡ್ ಹಟನ್ ಎಂಬ ಇತಿಹಾಸಕಾರ 1999ರಲ್ಲಿ ಇಡೀ ಆಧುನಿಕ ಪೇಗನ್ ಮಾರ್ಗದ ಚರಿತ್ರೆ ಬರೆದು, ಇದು ಬಹುಮಟ್ಟಿಗೆ ಹತ್ತೊಂಬತ್ತು ಮತ್ತು ಇಪ್ಪತ್ತನೇ ಶತಮಾನದ ಕಾವ್ಯ, ಜಾನಪದ ಸಂಗ್ರಹ, ಗುಪ್ತ ಸಂಘಗಳ ಆಚರಣೆಗಳಿಂದ ಹೊಸದಾಗಿ ಹೆಣೆದದ್ದು ಎಂದು ಬಿಡಿಸಿಟ್ಟರು. ಪಾಯ ಕುಸಿದರೆ ಮನೆ ಬೀಳಬೇಕು. ಬೀಳಲಿಲ್ಲ. ಎಷ್ಟೋ ಪೇಗನ್ನರು ಹಟನ್ನರ ಪುಸ್ತಕವನ್ನು ಓದಿ, ಒಪ್ಪಿ, ಮತ್ತೆ ಹುಣ್ಣಿಮೆಯ ರಾತ್ರಿ ತಮ್ಮ ಪೂಜೆಗೆ ಹೋದರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಮ್ಮ ಧರ್ಮ ‘ಪೇಗನ್’ ಎಂದು ಬರೆಸಿದರು. ಸುಮಾರು 13,000 ಜನ ‘ವಿಕ್ಕಾ’ ಎಂದರು. ಹತ್ತು ವರ್ಷದ ಹಿಂದೆ ಪೇಗನ್ ಎಂದವರು ಸುಮಾರು 57,000.

ಇದು ಹೇಗೆ ಸಾಧ್ಯ? ಇಬ್ಬರು ಲೇಖಕಿಯರು ಕೊಟ್ಟ ಉತ್ತರಗಳು ನನಗೆ ಮುಖ್ಯವೆನಿಸುತ್ತವೆ. ಅಮೆರಿಕದ ಪೇಗನ್ನರ ನಡುವೆ ಓಡಾಡಿ 1979ರಲ್ಲಿ ಪುಸ್ತಕ ಬರೆದ ಮಾರ್ಗೊ ಆಡ್ಲರ್ ಒಂದು ವಿಷಯ ಗುರುತಿಸಿದರು. ಇವರಲ್ಲಿ ಹೆಚ್ಚಿನವರು ತಾವು ಮತಾಂತರವಾದೆವು ಎನ್ನುವುದಿಲ್ಲ, ‘ಮನೆಗೆ ಬಂದೆವು’ ಎನ್ನುತ್ತಾರೆ. ಚಿಕ್ಕಂದಿನಿಂದ ಮರದ ಬಗ್ಗೆ, ನದಿಯ ಬಗ್ಗೆ, ಚಂದ್ರನ ಬಗ್ಗೆ ಒಳಗೆ ಇದ್ದ ಒಂದು ಭಾವಕ್ಕೆ ಹೆಸರಿದೆಯೆಂದು ಒಂದು ದಿನ ಗೊತ್ತಾಯಿತು, ಅಷ್ಟೆ ಎನ್ನುತ್ತಾರೆ. ಎರಡನೆಯವರು ಟಾನ್ಯಾ ಲೂರ್‌ಮನ್, ಮಾನವಶಾಸ್ತ್ರಜ್ಞೆ. ಲಂಡನ್ನಿನ ಮಂತ್ರತಂತ್ರದ ಗುಂಪುಗಳಲ್ಲಿ ತಾವೂ ಒಬ್ಬರಾಗಿ ಬೆರೆತು 1989ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಓದಿದ, ಉದ್ಯೋಗದಲ್ಲಿರುವ, ಸಾಧಾರಣ ಮಧ್ಯಮವರ್ಗದ ಜನ ಇಂಥದ್ದನ್ನು ಹೇಗೆ ನಂಬಲು ತೊಡಗುತ್ತಾರೆ ಎಂಬುದು ಅವರ ಪ್ರಶ್ನೆ. ಉತ್ತರ ಸರಳ: ಮೊದಲು ಅವರು ನಂಬುವುದಿಲ್ಲ, ಮಾಡುತ್ತಾರೆ. ಕುತೂಹಲಕ್ಕೆ ಹೋಗುತ್ತಾರೆ, ದೀಪ ಹಚ್ಚುತ್ತಾರೆ, ಹೇಳಿಕೊಟ್ಟಂತೆ ಕಣ್ಣು ಮುಚ್ಚುತ್ತಾರೆ. ಮಾಡುತ್ತ ಮಾಡುತ್ತ ದಿನದ ಸಣ್ಣಪುಟ್ಟ ಘಟನೆಗಳನ್ನು ಓದುವ ರೀತಿ ಬದಲಾಗುತ್ತದೆ. ನಂಬಿಕೆ ಒಂದು ದಿನ ಹೊಸ್ತಿಲು ದಾಟಿ ಬರುವುದಿಲ್ಲ. ನೆಲ ಒಸರಿದ ಹಾಗೆ ನಿಧಾನ ತುಂಬಿಕೊಳ್ಳುತ್ತದೆ.

ಅಂದರೆ ಅಲ್ಲಿನ ದಾರಿ ಹೀಗಿದೆ: ಮೊದಲು ಒಂದು ಕೊರತೆ, ಆಮೇಲೆ ಕೈಗೆ ಸಿಕ್ಕ ಒಂದು ಹೆಸರು, ಆ ಹೆಸರಿಗೆ ತಕ್ಕ ಆಚರಣೆಗಳ ಹುಡುಕಾಟ, ಕೊನೆಗೆ ಸರ್ಕಾರದ ಕಾಗದದಲ್ಲಿ ಒಂದು ಜಾಗ. ಐಸ್‌ಲೆಂಡಿನಲ್ಲಿ ಇದು ಇನ್ನೂ ನೇರವಾಗಿ ನಡೆಯಿತು. 1972ರಲ್ಲಿ ಬೆರಳೆಣಿಕೆಯ ಮಂದಿ ಸೇರಿ ತಮ್ಮ ನಾಡಿನ ಹಳೆಯ ದೇವರುಗಳ ಸಂಘವೊಂದನ್ನು ಕಟ್ಟಿದರು. ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್ ಎಂಬ ರೈತಕವಿ ಅವರ ಮುಖಂಡ. 1973ರಲ್ಲಿ ಸರ್ಕಾರದ ಮಾನ್ಯತೆ ಸಿಕ್ಕಿತು. ಅಲ್ಲಿ ಹೆಸರು ಮೊದಲು, ಒಕ್ಕಲು ಆಮೇಲೆ.

*

ಈಗ ಹುಳಿಮಾವು. ಇಲ್ಲಿ ಒಕ್ಕಲು ಇತ್ತು, ಆಚರಣೆ ಇತ್ತು, ಹೆಸರೇ ಇರಲಿಲ್ಲ.

ಇವತ್ತು ಹುಳಿಮಾವು ಎಂದರೆ ನೆನಪಾಗುವುದು ಬನ್ನೇರುಘಟ್ಟ ರಸ್ತೆಯ ವಾಹನಗಳ ಸಾಲು, ಮೆಟ್ರೊ ಕಂಬಗಳು, ಅಪಾರ್ಟ್‌ಮೆಂಟುಗಳು, ಅಮ್ಮನವರ ಹೆಸರನ್ನೇ ಹೊತ್ತ ಮೀನಾಕ್ಷಿ ಮಾಲು. ಆದರೆ ಇದು ಬೇಗೂರು ಹೋಬಳಿಯ ಹಳೆಯ ಊರು. ಊರಿಗೆ ಕೆರೆಯಿದೆ. ಬಂಡೆಯೊಳಗಿನ ಗುಹೆಯಲ್ಲಿ ಶಿವಲಿಂಗವಿರುವ ಗುಡಿಯಿದೆ. ಸಾಧುವೊಬ್ಬರು ಅಲ್ಲಿ ತಪಸ್ಸಿಗೆ ಕೂತಿದ್ದರು ಎಂಬುದು ಊರಿನ ನಂಬಿಕೆ. ಮಧುರೆಯ ಮಾದರಿಯಲ್ಲಿ ಕಟ್ಟಿದ ಮೀನಾಕ್ಷಿ ದೇವಸ್ಥಾನ ಈಚಿನದು. ಪಕ್ಕದ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸಿಕ್ಕ, ಸುಮಾರು 890ರ ಕಾಲದ ಗಂಗರ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಮಾತಿದೆ. ಊರ ಹೆಸರಿನ ಅತಿ ಹಳೆಯ ದಾಖಲೆ ಎಂದು ಎಲ್ಲರೂ ಉದಾಹರಿಸುವ ಕಲ್ಲು ಅದು. ಸತ್ತವನೊಬ್ಬನ ನೆನಪಿನ ಕಲ್ಲು ಅದು ಎಂಬುದನ್ನೂ ನೆನೆಯಬೇಕು. ಇಂಥ ಎಷ್ಟೋ ವೀರಗಲ್ಲುಗಳಿಗೆ ಊರೂರಲ್ಲಿ ಅರಿಶಿನ ಕುಂಕುಮ ಬಿದ್ದಿದೆ. ಕಾದು ಸತ್ತವನು ಯಾರೆಂಬುದು ಮರೆತುಹೋಗಿ, ಕಲ್ಲು ದೇವರಾಗಿ ಉಳಿದಿದೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಆಗುವ ತನಕ ಈ ಸೀಮೆ ನಗರಪಾಲಿಕೆಯ ಹೊರಗೇ ಇತ್ತು. ಬೆಂಗಳೂರಿನ ದಕ್ಷಿಣದ ಈ ಊರುಗಳಲ್ಲಿ ಊರಹಬ್ಬ ನಡೆಯುವ ಕ್ರಮವನ್ನು ನೋಡಿ. ತಮಟೆ ಬಡಿದು ಹಬ್ಬ ಸಾರುತ್ತಾರೆ. ಕುಂಬಾರರಿಂದ ಗಡಿಗೆ ಬರಬೇಕು. ಮಡಿವಾಳರು ನಡೆಮಡಿ ಹಾಸಬೇಕು. ಮನೆಮನೆಯ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಸಾಲಾಗಿ ಹೋಗಬೇಕು. ಎಷ್ಟೋ ಕಡೆ ದೇವಿಗೆ ಮೂರ್ತಿಯೇ ಇಲ್ಲ. ಬೇವಿನ ಮರದ ಬುಡದ ಕಲ್ಲೇ ಅಮ್ಮ, ಹೂವು ಸುತ್ತಿದ ಹಸಿ ಕರಗವೇ ಅಮ್ಮ. ಪೂಜಾರಿ ಬ್ರಾಹ್ಮಣನಾಗಿರಬೇಕಿಲ್ಲ, ಹೆಚ್ಚಿನ ಕಡೆ ಅಲ್ಲ. ಮೈಮೇಲೆ ದೇವರು ಬಂದವರ ಮಾತೇ ಅಲ್ಲಿ ಶಾಸ್ತ್ರ.

ಇಷ್ಟರಲ್ಲಿ ಎಲ್ಲಿಯೂ ಯಾರೂ ‘ನೀನು ಏನನ್ನು ನಂಬುತ್ತೀ?’ ಎಂದು ಕೇಳುವುದಿಲ್ಲ. ‘ನಿಮ್ಮದು ಯಾವ ಊರು?’, ‘ಯಾರ ಮನೆ?’, ‘ನಿಮ್ಮ ಆರತಿ ಬಂತೇ?’ ಇವು ಪ್ರಶ್ನೆಗಳು. ದೇವಿಗೂ ನಮಗೂ ನಡುವೆ ಇರುವುದು ನೆಲದ ಸಂಬಂಧ. ಊರ ಗಡಿಯೊಳಗೆ ಇರುವವರೆಲ್ಲ ಅವಳ ಮಕ್ಕಳು; ಗಡಿ ದಾಟಿದರೆ ಇನ್ನೊಬ್ಬಳ ಸೀಮೆ. ಲ್ಯಾಟಿನ್ನಿನ ‘ಪಾಗಾನುಸ್’ ಇದೇ ಅಲ್ಲವೆ? ಆ ಸೀಮೆಯವನು.

ಈ ವ್ಯವಸ್ಥೆ ನಿಂತ ನೀರಾಗಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸರ್ಕಾರ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳನ್ನು ಬೆಳೆಸಿತು; ಜನ ಪ್ಲೇಗಮ್ಮನನ್ನು ಕಟ್ಟಿಕೊಂಡರು. ಸಿಡುಬಿಗೆ ಇದ್ದ ಮಾರಮ್ಮನ ಸಾಲಿನಲ್ಲಿ ಹೊಸ ಅಮ್ಮ ಬಂದು ಕೂತಳು. ಇದಕ್ಕೆ ಯಾವ ಮಠದ ಅಪ್ಪಣೆಯೂ ಬೇಕಾಗಲಿಲ್ಲ, ಯಾವ ಗ್ರಂಥವನ್ನೂ ತಿದ್ದಬೇಕಾಗಲಿಲ್ಲ. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ಮೂರ್ತಿ ಎದ್ದಾಗ ಪತ್ರಿಕೆಗಳು ಅಚ್ಚರಿಪಟ್ಟವು. ಈ ಪರಂಪರೆ ಬಲ್ಲವರಿಗೆ ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ.

*

ಹೆಸರು ಬಂದದ್ದು ಜನಗಣತಿಯ ಜೊತೆಗೆ. ಮೈಸೂರು ಸೀಮೆಯಲ್ಲಿ 1871ರಲ್ಲಿ ಮನೆಮನೆ ಎಣಿಸುವ ಕೆಲಸ ನಡೆಯಿತು. ಎಣಿಸಬೇಕಾದರೆ ಕಾಲಂ ಬೇಕು, ಕಾಲಂಗೆ ಹೆಸರು ಬೇಕು. ಅದೇ 1871ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಟೈಲರ್ ತನ್ನ ಪುಸ್ತಕದಲ್ಲಿ ‘ಅನಿಮಿಸಂ’ ಎಂಬ ಮಾತನ್ನು ಬೆಳೆಸಿದ್ದ: ಕಲ್ಲು, ಮರ, ನೀರಿನಲ್ಲೆಲ್ಲ ಜೀವಾತ್ಮವಿದೆ ಎಂಬ ನಂಬಿಕೆ, ಧರ್ಮದ ಮೊದಲ ಮೆಟ್ಟಿಲು. ಮುಂದೆ ಭಾರತದ ಗಣತಿಯಲ್ಲಿ ‘ಅನಿಮಿಸ್ಟ್’ ಒಂದು ಕಾಲಂ ಆಯಿತು. ಕಾಡಿನಂಚಿನ, ಅಲೆಮಾರಿ ಸಮುದಾಯಗಳನ್ನು ಅದರೊಳಗೆ ಹಾಕಿದರು. ತಮ್ಮ ಧರ್ಮಕ್ಕೆ ಇಂಥದೊಂದು ಹೆಸರಿದೆಯೆಂದು ಹಾಗೆ ಎಣಿಸಿಕೊಂಡ ಯಾರಿಗೂ ಗೊತ್ತಿರಲಿಲ್ಲ.

ಹಿಂದೂ ಯಾರು, ಅನಿಮಿಸ್ಟ್ ಯಾರು ಎಂದು ಗೆರೆ ಎಳೆಯುವುದು ಕಷ್ಟವಾಯಿತು. 1911ರ ಗಣತಿಗೆ ಮುಂಚೆ ಕಮಿಷನರ್ ಇ. ಎ. ಗೇಟ್ ಒಂದು ಸುತ್ತೋಲೆ ಕಳಿಸಿದರು. ಬ್ರಾಹ್ಮಣರ ಮೇಲ್ಮೆಯನ್ನು ಒಪ್ಪದವರು, ದೊಡ್ಡ ಹಿಂದೂ ದೇವರುಗಳನ್ನು ಪೂಜಿಸದವರು, ಗುಡಿಯೊಳಗೆ ಪ್ರವೇಶವಿಲ್ಲದವರು, ಸತ್ತವರನ್ನು ಹೂಳುವವರು ಯಾರು ಯಾರು ಎಂದು ಲೆಕ್ಕ ತೆಗೆಯಿರಿ ಎಂಬುದು ಅದರ ಸಾರ. ದೊಡ್ಡ ಗದ್ದಲವಾಯಿತು. ಈ ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿದ್ದರೆ ಹುಳಿಮಾವಿನಂಥ ಊರಿನ ಅರ್ಧ ಜನ ಯಾವ ಕಾಲಂಗೆ ಹೋಗುತ್ತಿದ್ದರು? ಮಾರಮ್ಮನಿಗೂ ನಡೆದುಕೊಂಡು, ತಿರುಪತಿಗೂ ಮುಡಿ ಕೊಟ್ಟು, ದರ್ಗಾದಲ್ಲಿ ಸಕ್ಕರೆ ಓದಿಸಿ ಬರುವ ಮನೆಗೆ ಒಂದೇ ಒಂದು ಕಾಲಂ ಹುಡುಕುವುದು ಹೇಗೆ? ಬೆಂಗಳೂರು ಕರಗದ ಮೆರವಣಿಗೆ ಧರ್ಮರಾಯನ ಗುಡಿಯಿಂದ ಹೊರಟು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಕರಗ ಹೊರುವ ತಿಗಳರಿಗೆ ಇದರಲ್ಲಿ ಗೊಂದಲವಿಲ್ಲ. ಗೊಂದಲ ಕಾಲಂ ಬರೆಯುವವನದು.

ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ, 1943ರಲ್ಲಿ, ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ಬುಡಕಟ್ಟುಗಳನ್ನು ‘ಹಿಂದುಳಿದ ಹಿಂದೂಗಳು’ ಎಂದು ಕರೆದರು. ಆಮೇಲೆ ಕಾನೂನು ಈ ಹೆಸರನ್ನು ಇನ್ನಷ್ಟು ಗಟ್ಟಿ ಮಾಡಿತು. 1955ರ ಹಿಂದೂ ವಿವಾಹ ಕಾಯ್ದೆಯು ವೀರಶೈವ, ಲಿಂಗಾಯತ, ಬ್ರಹ್ಮ ಸಮಾಜದವರನ್ನೆಲ್ಲ ಹೆಸರಿಸಿ ಒಳಗೊಂಡಿತು. ಮುಸ್ಲಿಮ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರಿಗೂ ಅನ್ವಯಿಸಿತು. ಇದಕ್ಕೂ ಮುಂಚಿನ 1950ರ ಪರಿಶಿಷ್ಟ ಜಾತಿ ಆದೇಶ, ಹಿಂದೂ ಎಂದು ಬರೆಸದ ದಲಿತನಿಗೆ ಆ ಸೌಲಭ್ಯವಿಲ್ಲ ಎಂದಿತು. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಲಾಯಿತು. ಇಂಗ್ಲೆಂಡಿನ ಪೇಗನ್ ಕಾಲಂನಲ್ಲಿ ಏನು ಬರೆದರೂ ಅವನ ಮಗಳ ಕಾಲೇಜು ಸೀಟು ಅಲುಗುವುದಿಲ್ಲ. ಇಲ್ಲಿ ಧರ್ಮದ ಹೆಸರಿಗೆ ಬೆಲೆಯಿದೆ. ಆ ಬೆಲೆ ಗೊತ್ತಿದ್ದವನು ಒಳಗೆ ಏನು ಅನಿಸಿದರೂ ಕಾಗದದಲ್ಲಿ ಸುರಕ್ಷಿತವಾದದ್ದನ್ನೇ ಬರೆಯುತ್ತಾನೆ.

*

ಹೆಸರು ಮೇಲಿನಿಂದ ಇಳಿದ ಮೇಲೆ ಕೆಳಗಿನ ಆಚರಣೆ ಹಾಗೇ ಉಳಿಯುವುದಿಲ್ಲ. 1959ರಲ್ಲಿ ನಮ್ಮ ರಾಜ್ಯದಲ್ಲಿ ಪ್ರಾಣಿಬಲಿ ನಿಷೇಧದ ಕಾಯ್ದೆ ಬಂತು. ಕೋಣ ಹೋಗಿ ಬೂದುಗುಂಬಳ, ನಿಂಬೆಹಣ್ಣು ಬಂದವು. ಬೇವಿನ ಮರದಡಿಯ ಕಲ್ಲಿಗೆ ಬೆಳ್ಳಿಯ ಮುಖವಾಡ, ಅದಕ್ಕೊಂದು ಗರ್ಭಗುಡಿ, ಮೇಲೊಂದು ಗೋಪುರ, ದಿನವೂ ಪೂಜೆ ಮಾಡಲು ಬೇರೆ ಊರಿನ ಅರ್ಚಕ. ಮಾರಮ್ಮನ ಹೆಸರಿನ ಮುಂದೆ ‘ಶ್ರೀ’, ಹಿಂದೆ ‘ಪರಮೇಶ್ವರಿ’. ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಓಡಾಡುವವರಿಗೆ ಈ ಬದಲಾವಣೆ ಹೊಸತಲ್ಲ. ಎಂ. ಎನ್. ಶ್ರೀನಿವಾಸರು 1952ರಲ್ಲಿ ಕೊಡಗಿನ ಅಧ್ಯಯನವನ್ನು ಪ್ರಕಟಿಸುತ್ತ ಇಂಥದಕ್ಕೆ ‘ಸಂಸ್ಕೃತೀಕರಣ’ ಎಂದು ಹೆಸರಿಟ್ಟರು.

ಇದನ್ನು ಬರೀ ನಷ್ಟ ಎಂದು ಬರೆಯುವುದು ಸುಲಭ, ಆದರೆ ನ್ಯಾಯವಲ್ಲ. ಊರಹಬ್ಬದ ಆ ಚೆಂದದ ಹೊಂದಾಣಿಕೆಯನ್ನು ಇನ್ನೊಂದು ಬದಿಯಿಂದ ನೋಡಿದರೆ ಅದು ಜಾತಿಯ ಬಿಟ್ಟಿ ಚಾಕರಿ. ತಮಟೆ ಬಡಿಯುವುದು ಯಾರೂ ಆರಿಸಿಕೊಂಡ ಕಲೆಯಾಗಿರಲಿಲ್ಲ, ಹೇರಿದ ಕೆಲಸವಾಗಿತ್ತು. ಕರ್ನಾಟಕದ ಹಲವೆಡೆ ಹೇಳುವ ಮಾರಮ್ಮನ ಹುಟ್ಟಿನ ಕಥೆಯನ್ನೇ ನೋಡಿ. ಜಾತಿ ಮುಚ್ಚಿಟ್ಟು ಬ್ರಾಹ್ಮಣ ಹುಡುಗಿಯನ್ನು ಮದುವೆಯಾದ ಕೆಳಜಾತಿಯವನು, ನಿಜ ತಿಳಿದು ಉಗ್ರಳಾದ ಅವಳು, ಕೋಣವಾಗಿ ವರ್ಷವರ್ಷವೂ ಕಡಿಸಿಕೊಳ್ಳುವ ಅವನು. ಈ ಕಥೆಯ ಎದುರು ತಮಟೆ ಬಡಿಯುತ್ತ ನಿಲ್ಲಬೇಕಾದ ದಲಿತ ಹುಡುಗನಿಗೆ ಇದು ತನ್ನ ಧರ್ಮ ಎನಿಸಬೇಕೇಕೆ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧರಾಗಿ 22 ಪ್ರತಿಜ್ಞೆಗಳನ್ನು ಹೇಳಿಸಿದಾಗ, ಇಂಥ ಎಲ್ಲದಕ್ಕೂ ಬೆನ್ನು ತಿರುಗಿಸುವ ಒಂದು ದಾರಿ ತೆರೆಯಿತು. ಅದೂ ಆರಿಸಿಕೊಂಡ ಗುರುತೇ. ಆದರೆ ಪೇಗನ್ನರು ಕೊರತೆಯೊಂದನ್ನು ತುಂಬಲು ಆರಿಸಿಕೊಂಡರು. ಇವರು ಅವಮಾನವೊಂದನ್ನು ಕಳಚಲು ಆರಿಸಿಕೊಂಡರು.

ಕನ್ನಡದಲ್ಲಿ ಈ ಇಬ್ಬಂದಿಯನ್ನು ತಮ್ಮ ಬದುಕಿನಲ್ಲೇ ಹಾದುಹೋದವರು ಕವಿ ಸಿದ್ಧಲಿಂಗಯ್ಯ. ಮಾಗಡಿ ತಾಲ್ಲೂಕಿನಲ್ಲಿ ಹುಟ್ಟಿ ಬೆಂಗಳೂರಿನ ಕೊಳೆಗೇರಿಯಲ್ಲಿ ಬೆಳೆದವರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂದಾಗ ಅವರ ದನಿ ದೇವರು ದಿಂಡರಿಗೆ ಸೊಪ್ಪು ಹಾಕುವಂಥದ್ದಾಗಿರಲಿಲ್ಲ. ದಲಿತ ಚಳವಳಿಯ ಸಭೆಗಳಲ್ಲಿ ಆ ದನಿ ಸಿಡಿಯಿತು. ಅದೇ ಸಿದ್ಧಲಿಂಗಯ್ಯ ಮುಂದೆ ಊರೂರು ತಿರುಗಿ ಗ್ರಾಮದೇವತೆಗಳ ಮೇಲೆಯೇ ಸಂಶೋಧನೆ ಮಾಡಿದರು. ‘ಅವತಾರಗಳು’ ಪುಸ್ತಕದಲ್ಲಿ ಮೈಮೇಲೆ ಬರುವ ದೇವರುಗಳ ಚೇಷ್ಟೆ, ಚೌಕಾಸಿಗಳನ್ನು ನಗುನಗುತ್ತ ಹೇಳಿದರು. ನಂಬಿಕೆಗೆ ಮರಳಿದರೆಂದು ಇದರರ್ಥವಲ್ಲ. ತಮ್ಮವರು ಆ ದೇವರುಗಳ ಜೊತೆ ಏನು ಮಾಡುತ್ತಿದ್ದರು, ಆ ದೇವರುಗಳ ಬಾಯಿಂದ ಏನು ಹೇಳಿಸುತ್ತಿದ್ದರು ಎಂದು ಕಿವಿಗೊಟ್ಟು ಕೇಳಿದರು, ಅಷ್ಟೆ.

ಅವರು ದಾಖಲಿಸಿದ ಮಂಚಮ್ಮನ ಪ್ರಸಂಗ ಈಗ ಎಲ್ಲೆಡೆ ಪರಿಚಿತ. ಊರವರು ಮಂಚಮ್ಮನಿಗೆ ಗುಡಿ ಕಟ್ಟಲು ಹೊರಟರು. ಗೋಡೆ ಎದ್ದು ಇನ್ನು ಚಾವಣಿ ಹಾಕಬೇಕು ಎನ್ನುವಾಗ ಒಬ್ಬನ ಮೈಮೇಲೆ ದೇವಿ ಬಂದಳು. ಏನು ಮಾಡುತ್ತಿದ್ದೀರಿ ಎಂದಳು. ನಿನಗೆ ಮನೆ ಕಟ್ಟುತ್ತಿದ್ದೇವೆ ಎಂದರು. ನಿಮಗೆಲ್ಲ ಮನೆ ಇದೆಯೇ ಎಂದು ಕೇಳಿದಳು. ಇಲ್ಲದವರು ಇದ್ದರು. ಹಾಗಾದರೆ ಎಲ್ಲರಿಗೂ ಮನೆಯಾಗುವ ತನಕ ನನಗೂ ಬೇಡ ಎಂದುಬಿಟ್ಟಳು. ಗುಡಿ ಚಾವಣಿಯಿಲ್ಲದೆ ನಿಂತಿತು. ಅವಳಿಗೆ ಮನೆ ಮಂಚಮ್ಮ ಎಂದೇ ಹೆಸರಾಯಿತು.

ಈ ಕಥೆಯನ್ನು ಯಾವ ಧರ್ಮದ ಕಾಲಂನಲ್ಲಿ ಹಾಕುತ್ತೀರಿ? ಅದೇ ಮಾರಮ್ಮನ ಪರಂಪರೆಯ ಕಥೆಯಿದು. ಒಂದು ಕಡೆ ಜಾತಿಯ ಕ್ರೌರ್ಯ, ಇನ್ನೊಂದು ಕಡೆ ಈ ಮಾತು, ಎರಡೂ ಒಂದೇ ಚೀಲದಲ್ಲಿ. ‘ಶ್ರೀ’ ಮತ್ತು ಗೋಪುರಗಳು ಬಂದಾಗ ಕೋಣದ ಜೊತೆಗೆ ಹೊರಗೆ ಹೋಗುವುದು ಈ ಮಾತಾಡುವ ಬಾಯಿ. ಮಂತ್ರ ಹೇಳುವ ಗುಡಿಯಲ್ಲಿ ದೇವಿ ಯಾರ ಮೈಮೇಲೂ ಬರುವುದಿಲ್ಲ, ಬಂದರೂ ಟ್ರಸ್ಟಿನವರು ಕೇಳಬೇಕಿಲ್ಲ. ವಿಮರ್ಶಕ ಡಿ. ಆರ್. ನಾಗರಾಜ್ 1993ರಲ್ಲಿ ದಲಿತ ಚಳವಳಿಯ ಕುರಿತು ಬರೆಯುತ್ತ, ತನ್ನದೇ ಸಾಂಸ್ಕೃತಿಕ ನೆನಪುಗಳನ್ನು ಪೂರ್ತಿ ತಳ್ಳಿಹಾಕಿದ ಹೋರಾಟ ಬಡವಾಗುತ್ತದೆ ಎಂದು ಎಚ್ಚರಿಸಿದ್ದು ಇಂಥದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು.

*

ಹೆಸರಿಲ್ಲದೆ ಉಳಿಯುವುದೂ ಇನ್ನು ಸುಲಭವಿಲ್ಲ. 2011ರ ಜನಗಣತಿಯಲ್ಲಿ ದೇಶದ ಸುಮಾರು 79 ಲಕ್ಷ ಜನ ಪಟ್ಟಿಯಲ್ಲಿದ್ದ ಆರು ಧರ್ಮಗಳ ಹೊರಗಿನ ಹೆಸರು ಬರೆಸಿದರು. ಅವರಲ್ಲಿ 49 ಲಕ್ಷಕ್ಕೂ ಹೆಚ್ಚು ಮಂದಿ ಬರೆಸಿದ್ದು ‘ಸರ್ನಾ’, ಅಂದರೆ ಛೋಟಾನಾಗಪುರದ ಊರುಗಳ ಪವಿತ್ರ ತೋಪಿನ ಹೆಸರು. 2020ರ ನವೆಂಬರಿನಲ್ಲಿ ಜಾರ್ಖಂಡ್ ವಿಧಾನಸಭೆ ಸರ್ನಾಕ್ಕೆ ಗಣತಿಯಲ್ಲಿ ಪ್ರತ್ಯೇಕ ಕೋಡ್ ಬೇಕೆಂದು ನಿರ್ಣಯ ಮಾಡಿತು. ಒಂದು ಕಾಲದ ‘ಅನಿಮಿಸ್ಟರು’ ಈಗ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದಾರೆ. ನಮ್ಮಲ್ಲಿ 2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸು ಎಬ್ಬಿಸಿದ ಬಿರುಗಾಳಿ ಗೊತ್ತೇ ಇದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಧರ್ಮದ ಕಾಲಂನಲ್ಲಿ ಏನು ಬರೆಸಬೇಕೆಂದು ಮಠ, ಸಂಘ, ಮಹಾಸಭೆಗಳು ಮತ್ತೆ ಜನರಿಗೆ ಕರೆ ಕೊಟ್ಟವು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಎಂದು ದಿನ ಗೊತ್ತಾಗಿದೆ. ಹುಳಿಮಾವಿನ ಮನೆಗಳಿಗೂ ಎಣಿಸುವವರು ಬರುತ್ತಾರೆ.

ಅವರಿಗೆ ಊರದೇವತೆಯ ಒಕ್ಕಲು ಹೇಳುವ ಉತ್ತರ ಬಹುಮಟ್ಟಿಗೆ ‘ಹಿಂದೂ’ ಎಂದೇ ಇರುತ್ತದೆ. ಅದರಲ್ಲಿ ಸುಳ್ಳಿಲ್ಲ. ನೂರೈವತ್ತು ವರ್ಷ ಕೇಳಿ ಕೇಳಿ, ಬರೆದು ಬರೆದು ಆ ಹೆಸರು ಅವರದೂ ಆಗಿದೆ. ಲೂರ್‌ಮನ್ ಹೇಳಿದ ಒಸರುವಿಕೆ ಹೆಸರಿಗೂ ಅನ್ವಯಿಸುತ್ತದೆ. ಊರದೇವತೆಗಳಿಗೊಂದು ಬೇರೆ ಧರ್ಮ ಕಟ್ಟಬೇಕು, ಅದಕ್ಕೊಂದು ಕೋಡ್ ಬೇಕು ಎಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಪೇಗನ್ನರನ್ನು ನೋಡಿದರೆ, ಹೆಸರು ಸಿಕ್ಕಮೇಲೂ ಅವರು ಹುಡುಕುತ್ತಿರುವುದು ನಮ್ಮಲ್ಲಿ ಇನ್ನೂ ಕೈಯಳತೆಯಲ್ಲಿರುವ ಸಂಗತಿ: ಒಂದು ನೆಲ, ಆ ನೆಲದ ದೇವರು, ಅವಳ ಮುಂದೆ ವರ್ಷಕ್ಕೊಮ್ಮೆ ಸೇರುವ ಒಂದಿಷ್ಟು ಜನ. ಸ್ಟೋನ್‌ಹೆಂಜಿನ ಕಲ್ಲುಗಳ ಬಳಿ ಸಂಕ್ರಮಣಕ್ಕೆ ಸೇರುವವರು ದೂರದೂರದಿಂದ ಬಂದು, ಅವತ್ತೇ ಮರಳುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಆ ಬಯಲು ತಮ್ಮ ಊರಲ್ಲ.

ಹುಳಿಮಾವಿನಲ್ಲಿ ಈಗ ನೆಲೆಸಿರುವ ಹೆಚ್ಚಿನವರಿಗೂ ಅದು ಹುಟ್ಟಿದ ಊರಲ್ಲ. ಹಾಸನ, ಮಧುರೆ, ಕಡಪ, ಪಟ್ನಾ ಎಂದು ಎಲ್ಲಿಂದಲೋ ಬಂದವರು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ತಾವು ಕೆರೆಯ ಕೆಳಗೆ ವಾಸಿಸುತ್ತಿದ್ದೇವೆ ಎಂಬುದು ಎಷ್ಟೋ ಮಂದಿಗೆ ಅರಿವಾದದ್ದು ಅವತ್ತೇ. ಹಳೆಯ ಊರಿನವರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕೆರೆ ಕೋಡಿ ಬಿದ್ದಾಗ ಗಂಗಮ್ಮನಿಗೆ ಬಾಗಿನ ಕೊಡಲು ಏರಿಯ ಮೇಲೆ ಹೋಗುವವರ ಕಣ್ಣಿಗೆ ಬಿರುಕೂ ಬೀಳುತ್ತದೆ, ತೂಬೂ ಬೀಳುತ್ತದೆ. ಪೂಜೆ ಕೆರೆಯನ್ನು ಕಾಯುತ್ತದೆ ಎಂದಲ್ಲ. ಕೆರೆಯ ಬಳಿಗೆ ಹೋಗಲು ಅದೊಂದು ನೆಪ, ನೆಲದ ನೆನಪನ್ನು ಕಾಲಿನಲ್ಲಿ ಉಳಿಸುವ ಕ್ರಮ.

ಬಂದು ನೆಲೆಸಿದ ಒಬ್ಬಾಕೆ ಪಕ್ಕದ ಮನೆಯವರ ಒತ್ತಾಯಕ್ಕೆ ಒಂದು ವರ್ಷ ತಂಬಿಟ್ಟಿನ ಆರತಿ ಹಿಡಿದು ಸಾಲಿನಲ್ಲಿ ನಡೆದಳು ಎಂದುಕೊಳ್ಳಿ. ಮರುವರ್ಷ ಅಕ್ಕಿಹಿಟ್ಟು ತಾನೇ ಬೀಸಿಸಿಕೊಂಡಳು. ಮೂರನೆಯ ವರ್ಷ ಆರತಿ ಸಾಗುವ ಹಾದಿ ಅವಳಿಗೆ ಬಾಯಿಪಾಠವಾಗಿರುತ್ತದೆ. ಯಾವ ಕೇರಿಯ ಮುಂದೆ ಸಾಲು ನಿಲ್ಲುವುದಿಲ್ಲ ಎಂಬುದೂ ಕಣ್ಣಿಗೆ ಬಿದ್ದಿರುತ್ತದೆ. ಅಲ್ಲಿಗೆ ಅವಳು ಆ ಊರಿನವಳಾದಳು. ಆರತಿ ಆ ಕೇರಿಗೂ ಹೋಗಬೇಕು ಎಂದು ಬಾಯಿಬಿಟ್ಟು ಕೇಳುವ ಹಕ್ಕು ಅವಳಿಗೆ ಬರುವುದು ಗಣತಿಯವನಿಗೆ ಅವಳು ಏನು ಬರೆಸಿದಳು ಎಂಬುದರಿಂದಲ್ಲ, ಮೂರು ವರ್ಷ ಹೊತ್ತ ಆ ಆರತಿಯಿಂದ. ಮಂಚಮ್ಮ ಕೇಳಿದ ಪ್ರಶ್ನೆಯೂ ಇಂಥದೇ ಆಗಿತ್ತು. ಅವಳು ಯಾರ ಧರ್ಮವನ್ನೂ ಕೇಳಲಿಲ್ಲ, ಮನೆ ಇದೆಯೇ ಎಂದು ಕೇಳಿದಳು.